ಮರದ ಮಂಡಿಯಿಂದ ಆಟದ ಕಾರಿನವರೆಗೆ: ಜಪಾನಿನ ಯೋಶಿಯೋ ತಮಿಯಾ ಅವರ ಬಾಳು

ಹೊಸೂರು: ನಮ್ಮ ಸಿಪ್ಕಾಟ್‌ನ ಯಾವುದೇ ಟೂಲ್ ರೂಮಿನಲ್ಲಿ ಕೆಲಸ ಮಾಡುವವರನ್ನು ವಿಚಾರಿಸಿ ನೋಡಿ. ಪ್ಲಾಸ್ಟಿಕ್ ಸಾಮಾನು ಅಗ್ಗ, ಅದನ್ನು ತೆಗೆಯುವ ಮೌಲ್ಡ್ ಮಾತ್ರ ದುಬಾರಿ ಎಂಬುದು ಅವರಿಗೆಲ್ಲ ಗೊತ್ತು. ಉಕ್ಕಿನಲ್ಲಿ ಕೊರೆದ ಆ ಅಚ್ಚಿಗೆ ಹಾಕಿದ ಹಣ ವಾಪಸ್ ಬಂದರೆ ಕಂಪನಿ ಉಳಿಯುತ್ತದೆ, ಬರದಿದ್ದರೆ ಬಾಗಿಲು ಹಾಕಬೇಕಾಗುತ್ತದೆ. ಈ ಪಾಠವನ್ನು ಐವತ್ತು ದಾಟಿದ ವಯಸ್ಸಿನಲ್ಲಿ, ಕೈ ಸುಟ್ಟುಕೊಂಡು ಕಲಿತ ಒಬ್ಬ ಮರದ ವ್ಯಾಪಾರಿಯ ಕಥೆ ಇದು. ಅವರ ಹೆಸರು ಯೋಶಿಯೋ ತಮಿಯಾ. ಲೋಕದಾದ್ಯಂತ ರೇಡಿಯೋ ಕಂಟ್ರೋಲ್ ಕಾರು ಜೋಡಿಸುವ ಹವ್ಯಾಸಿಗಳಿಗೆ ತಮಿಯಾ ಎಂದರೆ ಮನೆಮಾತು.

ನಮ್ಮ ಕಡೆ ಹಳ್ಳಿಯ ಮಕ್ಕಳು ತಾಟಿನಿಂಗಿನ ಬುರುಡೆಗೆ ಕಡ್ಡಿ ಚುಚ್ಚಿ ಬಂಡಿ ಮಾಡಿ ಓಡಿಸಿದವರೇ. ಕೊಂಡು ತಂದ ಆಟಿಕೆಗಿಂತ ಕೈಯಾರೆ ಮಾಡಿದ ಬಂಡಿಯ ಮೇಲೆ ಮಮತೆ ಹೆಚ್ಚು. ತಮಿಯಾ ಅವರ ಇಡೀ ವ್ಯಾಪಾರ ನಿಂತದ್ದು ಈ ಮಮತೆಯ ಮೇಲೆಯೇ.

ಸುಟ್ಟ ಊರಿನಲ್ಲಿ ಮರದ ಮಿಲ್ಲು

ಯೋಶಿಯೋ ತಮಿಯಾ ಹುಟ್ಟಿದ್ದು 1905ರಲ್ಲಿ. ಅವರ ಕಾರ್ಯಕ್ಷೇತ್ರ ಜಪಾನಿನ ಶಿಜುವೊಕಾ. ಟೋಕಿಯೋ ನಗರಕ್ಕೆ ನೈಋತ್ಯದಲ್ಲಿ, ಫ್ಯೂಜಿ ಪರ್ವತ ಇರುವ ಪ್ರಾಂತ್ಯದ ಮುಖ್ಯ ಪಟ್ಟಣ ಅದು. ಸುತ್ತ ಬೆಟ್ಟ, ಟೀ ತೋಟ, ಕಾಡಿನ ಮರ. ಹಿಂದೆ ದೊಡ್ಡ ದೇವಾಲಯಗಳನ್ನು ಕಟ್ಟಲು ಬಂದ ಬಡಗಿಗಳು, ಅರಗಿನ ಕೆಲಸದವರು ಅಲ್ಲೇ ನೆಲೆಸಿದ್ದರಿಂದ ಮರಗೆಲಸ ಆ ಊರಿನ ಕುಲಕಸುಬಾಯಿತು ಎಂದು ಹೇಳುತ್ತಾರೆ. ನಮಗೆ ಚನ್ನಪಟ್ಟಣ ಹೇಗೋ, ಜಪಾನಿಗೆ ಶಿಜುವೊಕಾ ಹಾಗೆ ಎನ್ನಬಹುದು.

1945ರ ಜೂನ್ ತಿಂಗಳಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಈ ಊರಿನ ಮೇಲೆ ಬೆಂಕಿಯ ಮಳೆ ಸುರಿಸಿದವು. ಪಟ್ಟಣದ ಬಹುಭಾಗ ಸುಟ್ಟುಹೋಯಿತು. ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಜನರಿಗೆ ಇರಲು ಸೂರು ಬೇಕಾಗಿತ್ತು, ಸೂರಿಗೆ ಮರ ಬೇಕಾಗಿತ್ತು. 1946ರಲ್ಲಿ ಯೋಶಿಯೋ ಅವರು ಮರ ಕೊಯ್ಯುವ ಮಿಲ್ಲು ತೆರೆದು ತಮಿಯಾ ಶೋಜಿ ಎಂಬ ಕಂಪನಿ ಶುರು ಮಾಡಿದರು. ಆಗ ಅವರಿಗೆ ನಲವತ್ತೊಂದರ ಆಸುಪಾಸು. ಹೊಸ ಬದುಕು ಕಟ್ಟಲು ಅದೇನೂ ಎಳೆಯ ವಯಸ್ಸಲ್ಲ.

ಮನೆ ಕಟ್ಟುವ ಮರದ ಜೊತೆಗೆ ಸಣ್ಣ ತುಂಡುಗಳೂ ಉಳಿಯುತ್ತವಲ್ಲ! 1947ರಲ್ಲಿ ಕಂಪನಿಯಲ್ಲಿ ಮರದ ಸಾಮಾನಿನ ವಿಭಾಗವೊಂದು ಹುಟ್ಟಿತು. ಹಡಗು, ವಿಮಾನಗಳ ಮರದ ಮಾದರಿಗಳನ್ನು ಜೋಡಿಸುವ ಕಿಟ್ ಆಗಿ ಮಾರತೊಡಗಿದರು. ಕಿಟ್ ಎಂದರೆ ತಯಾರಾದ ಆಟಿಕೆ ಅಲ್ಲ. ಡಬ್ಬಿಯೊಳಗೆ ಭಾಗಗಳು ಇರುತ್ತವೆ, ಉಪ್ಪುಕಾಗದದಲ್ಲಿ ಉಜ್ಜಿ, ಗೋಂದು ಹಚ್ಚಿ ಹುಡುಗನೇ ಜೋಡಿಸಬೇಕು. 1953ರ ಹೊತ್ತಿಗೆ ಈ ಕಿಟ್ಟುಗಳೇ ಮುಖ್ಯ ಕಸುಬಾದವು. ಮನೆ ಕಟ್ಟುವ ಮರದ ವ್ಯಾಪಾರವನ್ನು ನಿಲ್ಲಿಸಿ ತಮಿಯಾ ಅವರು ಪೂರ್ತಿ ಮಾದರಿಗಳ ಕಡೆಗೆ ತಿರುಗಿದರು.

ಮುಳುಗಿದ ಹಡಗು, ಉಳಿಸಿದ ಅಚ್ಚು

ನೆಮ್ಮದಿ ಬಹಳ ದಿನ ಇರಲಿಲ್ಲ. 1950ರ ದಶಕದ ನಡುವೆ ವಿದೇಶದಿಂದ ಪ್ಲಾಸ್ಟಿಕ್ ಕಿಟ್ಟುಗಳು ಜಪಾನಿಗೆ ಬಂದವು. ಪ್ಲಾಸ್ಟಿಕ್ ಭಾಗಗಳು ನೋಡಲು ನುಣುಪು, ಜೋಡಿಸಲು ಸುಲಭ, ಕೆತ್ತುವ ಕಷ್ಟವಿಲ್ಲ. ಮರದ ಕಿಟ್ಟುಗಳನ್ನು ಕೇಳುವವರು ಕಡಿಮೆಯಾದರು. ಅಷ್ಟರಲ್ಲಿ, 1958ರಲ್ಲಿ, ಮಗ ಶುನ್ಸಾಕು ಓದು ಮುಗಿಸಿ ತಂದೆಯ ಕಂಪನಿ ಸೇರಿದ್ದರು. 1959ರಲ್ಲಿ ತಾವೂ ಪ್ಲಾಸ್ಟಿಕ್‌ಗೆ ಇಳಿಯುವುದೆಂದು ತೀರ್ಮಾನವಾಯಿತು.

ಮೊದಲ ಕಿಟ್ ಯಮಾಟೊ ಎಂಬ ಯುದ್ಧನೌಕೆ, ನಿಜ ಹಡಗಿನ 800ರಲ್ಲಿ ಒಂದು ಪಾಲು ಅಳತೆ. ಉಕ್ಕಿನ ಅಚ್ಚಿಗೆ ದೊಡ್ಡ ಹಣ ಸುರಿದರು. ಕಿಟ್ ಅಂಗಡಿಗೆ ಬರುವ ಹೊತ್ತಿಗೆ ಇನ್ನೊಂದು ಕಂಪನಿ ಅದೇ ಹಡಗನ್ನು 350 ಯೆನ್‌ಗೆ ಮಾರುತ್ತಿತ್ತು. ತಮಿಯಾ ಕೂಡ ಬೆಲೆ ಇಳಿಸಲೇಬೇಕಾಯಿತು. ಅಚ್ಚಿನ ದುಡ್ಡು ಹುಟ್ಟಲಿಲ್ಲ. ನಿಜವಾದ ಯಮಾಟೊ 1945ರಲ್ಲಿ ಸಮುದ್ರದಲ್ಲಿ ಮುಳುಗಿತ್ತು, ಈ ಯಮಾಟೊ ಲೆಕ್ಕದ ಪುಸ್ತಕದಲ್ಲಿ ಮುಳುಗಿತು.

ಮತ್ತೆ ಮರಕ್ಕೆ ಹೋದರೆ ಕೊಳ್ಳುವವರಿಲ್ಲ. ಇನ್ನೊಂದು ಪ್ಲಾಸ್ಟಿಕ್ ಕಿಟ್ ಮಾಡೋಣವೆಂದರೆ ಅಚ್ಚಿಗೆ ಹಣವಿಲ್ಲ. ನೇಗಿಲು ಮಾರಿ ಬೀಜ ಕೊಂಡ ರೈತನ ಪರಿಸ್ಥಿತಿ. ಆಗ ನೆರವಿಗೆ ಬಂದದ್ದು ಹಳೆಯ ಪ್ಲಾಸ್ಟಿಕ್ ಆಟಿಕೆಯೊಂದರ ಉಳಿದುಹೋದ ಅಚ್ಚು. ಅದನ್ನು ಬಳಸಿ ಪುಟ್ಟ ರೇಸ್ ಕಾರೊಂದನ್ನು ಅಗ್ಗದ ಬೆಲೆಗೆ ತಂದರು. ಯಾರೂ ಎಣಿಸದ ರೀತಿಯಲ್ಲಿ ಅದು ಮಾರಾಟವಾಯಿತು. ದೊಡ್ಡ ಹಡಗು ಮುಳುಗಿಸಿದ್ದ ಕಂಪನಿಯನ್ನು ಪುಟ್ಟ ಕಾರು ಮೇಲೆತ್ತಿತು.

ಆ ಉಸಿರಿನ ಮೇಲೆ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಕಿಟ್ ಬಂತು. ಒಳಗೆ ಪುಟ್ಟ ಮೋಟರು, ಬ್ಯಾಟರಿ, ಗೇರು. ಜೋಡಿಸಿದ ಮೇಲೆ ತಾನೇ ಹರಿದಾಡುವ ಟ್ಯಾಂಕು! ಡಬ್ಬಿಯ ಮೇಲಿನ ಚಿತ್ರವನ್ನು ಬರೆದವರು ಆಗಿನ ಹೆಸರಾಂತ ಕಲಾವಿದ ಶಿಗೆರು ಕೊಮಾತ್ಸುಝಾಕಿ. ಬ್ಯಾಟರಿ ಹಿಡಿಸುವಷ್ಟು ಅಗಲ ಬೇಕೆಂದು ಅಳತೆ ಮಾಡಿದಾಗ ಅದು ನಿಜ ಟ್ಯಾಂಕಿನ 35ರಲ್ಲಿ ಒಂದು ಪಾಲಾಯಿತು. ಹೀಗೆ ಬ್ಯಾಟರಿಯ ದೆಸೆಯಿಂದ ಹುಟ್ಟಿದ ಈ ಅಳತೆಯೇ ಇಂದು ಸೇನಾ ವಾಹನಗಳ ಮಾದರಿಗಳಿಗೆ ಲೋಕವೆಲ್ಲ ಒಪ್ಪಿದ ಅಳತೆ. ಡಬ್ಬಿಯ ಮೇಲಿನ ಕೆಂಪು, ನೀಲಿ ಎರಡು ನಕ್ಷತ್ರಗಳ ಗುರುತನ್ನು ರೂಪಿಸಿದವರು ಶುನ್ಸಾಕು ಅವರ ತಮ್ಮ, ಕಲೆ ಓದಿದ ಮಸಾವೊ. ಅಪ್ಪನ ಕಷ್ಟಕ್ಕೆ ಮಕ್ಕಳಿಬ್ಬರೂ ಹೆಗಲು ಕೊಟ್ಟಂತಾಯಿತು.

ಕಾರಿಗೆ ಬಂತು ರೇಡಿಯೋ

1976ರಲ್ಲಿ ಯೋಶಿಯೋ ಅವರಿಗೆ ಎಪ್ಪತ್ತೊಂದು. ಕಂಪನಿಯ ಮುಖ್ಯಸ್ಥರು ಅವರೇ, ಹೊಸ ಕಿಟ್ಟುಗಳ ಹೊಣೆ ಮಗನದು. ಪೋರ್ಶೆ ರೇಸ್ ಕಾರಿನ ಮಾದರಿ ಮಾಡಬೇಕೆಂದು ಶುನ್ಸಾಕು ನಿಜವಾದ ಪೋರ್ಶೆ 911 ಕಾರನ್ನೇ ಕೊಂಡು ತಂದು ಭಾಗ ಭಾಗವಾಗಿ ಬಿಚ್ಚಿಸಿದರು. ಅಷ್ಟು ಖರ್ಚು ಮಾಡಿ ತಯಾರಾದ ಪೋರ್ಶೆ 934 ಮಾದರಿ 12ರಲ್ಲಿ ಒಂದು ಪಾಲು ಅಳತೆಯದು. ಅದೇ ವರ್ಷ ಅದರ ಬಾಡಿಯ ಕೆಳಗೆ ಮೋಟರು, ಬ್ಯಾಟರಿ, ರೇಡಿಯೋ ಇಟ್ಟು ದೂರದಿಂದ ಓಡಿಸುವ ಕಾರನ್ನೂ ಮಾರುಕಟ್ಟೆಗೆ ಬಿಟ್ಟರು. ತಮಿಯಾ ಕಂಪನಿಯ ಮೊದಲ ರೇಡಿಯೋ ಕಂಟ್ರೋಲ್ ಕಾರು ಇದೇ.

1979ರಲ್ಲಿ ಬಂದ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಕಾರುಗಳು ಮಣ್ಣಿಗೆ, ಮರಳಿಗೆ ಇಳಿದವು. ಸ್ಯಾಂಡ್ ಸ್ಕಾರ್ಚರ್‌ಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ರೂಪ. ವಿನ್ಯಾಸ ಫುಮಿತೊ ತಾಕಿ ಅವರದು. ನಿಜ ಕಾರಿನಂತೆಯೇ ಲೋಹದ ಸಸ್ಪೆನ್ಷನ್ ತೋಳುಗಳು, ಧೂಳು ನೀರು ಹೋಗದಂತೆ ರೇಡಿಯೋಗೆ ಮುಚ್ಚಿದ ಪಾರದರ್ಶಕ ಪೆಟ್ಟಿಗೆ. 1983ರಲ್ಲಿ ಫ್ರಾಗ್, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಂದವು. ಇವು ಮಧ್ಯಮ ವರ್ಗದ ಹುಡುಗರೂ ಹಣ ಕೂಡಿಟ್ಟು ಕೊಳ್ಳಬಹುದಾದ ಕಾರುಗಳಾದವು. ಅದೇ 1984ರಲ್ಲಿ ಶುನ್ಸಾಕು ಕಂಪನಿಯ ಅಧ್ಯಕ್ಷರಾದರು.

1988ರಲ್ಲಿ ಯೋಶಿಯೋ ತಮಿಯಾ ತೀರಿಕೊಂಡರು. ಮರದ ಮಿಲ್ಲಿನಿಂದ ಹೊರಟ ಕಂಪನಿ ಅಷ್ಟು ಹೊತ್ತಿಗೆ ಹತ್ತಾರು ದೇಶಗಳ ಮಕ್ಕಳ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟಿತ್ತು. ಮುಂದೆ ದೀರ್ಘಕಾಲ ಕಂಪನಿಯನ್ನು ನಡೆಸಿದ ಶುನ್ಸಾಕು 2025ರ ಜುಲೈನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು.

ಹಳೆಯ ಕಾರು ಮತ್ತೆ ಬಂತು

ಯೋಶಿಯೋ ಅವರು ಕಾಣದೇ ಹೋದ ಒಂದು ಸಂಗತಿ ಇದೆ. ಅವರ ಕಾಲದ ಕಾರುಗಳಿಗೆ ಎರಡನೇ ಜನ್ಮ ಬಂತು. ಹಾರ್ನೆಟ್ 2004ರಲ್ಲಿ, ಗ್ರಾಸ್‌ಹಾಪರ್ ಮತ್ತು ಫ್ರಾಗ್ 2005ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ರಫ್ ರೈಡರ್ 2009ರಲ್ಲಿ ಬಗ್ಗಿ ಚಾಂಪ್ ಎಂಬ ಹೆಸರಿನಲ್ಲಿ, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ ಬಂದವು. ಮೂವತ್ತು ವರ್ಷ ಹಳೆಯ ಕಾರನ್ನು ಅದೇ ಡಬ್ಬಿ ಚಿತ್ರ, ಅದೇ ರೂಪದಲ್ಲಿ, ಅಲ್ಲಲ್ಲಿ ಸಣ್ಣ ಬದಲಾವಣೆಯೊಂದಿಗೆ ಮತ್ತೆ ಕೊಳ್ಳುವಂತಾಯಿತು. ಬಾಲ್ಯದಲ್ಲಿ ಅಂಗಡಿಯ ಗಾಜಿನಾಚೆ ನೋಡಿ ಬಾಯಿ ಚಪ್ಪರಿಸಿದವರು ಈಗ ಸಂಬಳದ ಹಣದಲ್ಲಿ ಕೊಂಡರು. ಮೂಲ ಕಾರು ಇಟ್ಟುಕೊಂಡವರಿಗೂ ಲಾಭವಾಯಿತು, ಮುರಿದ ಭಾಗಕ್ಕೆ ಬದಲಿ ಸಿಗತೊಡಗಿತು. ಅಪರೂಪದ್ದೆಂದು ಬಚ್ಚಿಟ್ಟವರಿಗೆ ಮಾತ್ರ ಸ್ವಲ್ಪ ಬೇಸರ!

ಈ ಕಿಟ್ ಜೋಡಿಸುವುದು ಹೇಗೆ? ನಮ್ಮ ಊರಿನ ಐಟಿಐ ಹುಡುಗರಿಗೆ ಇದು ಕಷ್ಟವೇನಲ್ಲ. ಪುಸ್ತಕದಲ್ಲಿ ಮಾತಿಗಿಂತ ಚಿತ್ರ ಹೆಚ್ಚು. ಮೊದಲು ಗೇರ್ ಪೆಟ್ಟಿಗೆ, ಆಮೇಲೆ ಚಾಸಿ, ಶಾಕ್ ಅಬ್ಸಾರ್ಬರ್, ಚಕ್ರ, ಕೊನೆಗೆ ಬಾಡಿ. ಸ್ಕ್ರೂಗಳು ಪ್ಲಾಸ್ಟಿಕ್‌ನಲ್ಲಿ ತಾವೇ ಮರೆ ಕೊರೆದುಕೊಂಡು ಹೋಗುವಂಥವು. ಬಿಚ್ಚಿ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಮರೆಗೆ ಕುಳಿತದ್ದು ಕೈಗೆ ತಿಳಿದ ಮೇಲೆಯೇ ಬಿಗಿಯಬೇಕು. ಜಪಾನಿ ಸ್ಕ್ರೂವಿನ ತಲೆಗೆ ಅದರದೇ ಅಳತೆಯ ಸ್ಕ್ರೂ ಡ್ರೈವರ್ ಒಳ್ಳೆಯದು, ಸಿಕ್ಕಿದ್ದನ್ನು ಹಾಕಿದರೆ ತಲೆ ಸವೆಯುತ್ತದೆ.

ಕಾರನ್ನು ತಮ್ಮಿಷ್ಟದಂತೆ ಮಾರ್ಪಡಿಸುವುದು ಹವ್ಯಾಸಿಗಳ ಇನ್ನೊಂದು ಸುಖ. ಬಹಳ ಕಿಟ್ಟುಗಳಲ್ಲಿ ಚಕ್ರದ ಬಳಿ ಪ್ಲಾಸ್ಟಿಕ್ ಬುಷ್ ಇರುತ್ತದೆ. ಅದನ್ನು ತೆಗೆದು ಬಾಲ್ ಬೇರಿಂಗ್ ಹಾಕುವುದು ಮೊದಲ ಸುಧಾರಣೆ. ಉಜ್ಜಾಟ ಕಡಿಮೆಯಾಗಿ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಧೂಳಿನಲ್ಲಿ ಸವೆತವೂ ಕಡಿಮೆ. ಹಿಂದೆ ವೇಗ ಹೆಚ್ಚು ಕಡಿಮೆ ಮಾಡಲು ಕಾಯುವ ತಂತಿಯ ಸ್ವಿಚ್ಚು ಇತ್ತು, ಈಗ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಕ. ಹಿಂದಿನ 27 ಮೆಗಾಹರ್ಟ್ಸ್ ರೇಡಿಯೋದಲ್ಲಿ ಇಬ್ಬರು ಒಂದೇ ಚಾನೆಲ್ ಹಿಡಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಆ ತಂಟೆ ಇಲ್ಲ. ಹಾರ್ನೆಟ್‌ನಂಥ ಪಾರದರ್ಶಕ ಬಾಡಿಗೆ ಬಣ್ಣವನ್ನು ಒಳಗಿನಿಂದ ಹೊಡೆಯಬೇಕು. ಹಾಗಾದರೆ ಕಲ್ಲು ತಾಗಿದರೂ ಬಣ್ಣ ಉಳಿಯುತ್ತದೆ.

ಎರಡು ಎಚ್ಚರಿಕೆ. ಹಳೆಯ ವಿನ್ಯಾಸದ ಗೇರಿಗೆ ಇಂದಿನ ಜೋರು ಮೋಟರು ಹಾಕಿದರೆ ಹಲ್ಲು ಉದುರುತ್ತದೆ. ಎತ್ತಿನ ಬಂಡಿಗೆ ಲಾರಿ ಇಂಜಿನ್ ಕಟ್ಟಿದ ಹಾಗೆ. ಲಿಥಿಯಂ ಬ್ಯಾಟರಿ ಬಳಸುವುದಾದರೆ ಅದು ತೀರಾ ಖಾಲಿಯಾಗುವ ಮೊದಲೇ ನಿಲ್ಲಿಸುವ ನಿಯಂತ್ರಕ ಇರಲೇಬೇಕು, ಚಾರ್ಜು ಮಾಡುವಾಗ ಪಕ್ಕದಲ್ಲಿ ಮನುಷ್ಯರೂ ಇರಬೇಕು. ಇನ್ನು ತೆಗೆದ ಮೂಲ ಭಾಗಗಳನ್ನು ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಮುಂದೆ ಕಾರನ್ನು ಮೊದಲಿನ ರೂಪಕ್ಕೆ ತರಲು ಅವೇ ಬೇಕು.

ನಮಗೇನು ಪಾಠ?

ಈ ಕಿಟ್ಟುಗಳು ನಮ್ಮ ದೇಶಕ್ಕೆ ಆಮದಾಗಿ ಬರುವಂಥವು, ಅಗ್ಗವಲ್ಲ. ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಪ್ರತಿ ಮನೆಗೂ ಇವು ಬರಲಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಯೋಶಿಯೋ ಅವರ ಬಾಳು ನಮಗೆ ಹತ್ತಿರದ್ದು. ನಮ್ಮ ಹಳ್ಳಿಗಳಿಂದ ದಿನವೂ ಹುಡುಗರು ಫಸ್ಟ್ ಶಿಫ್ಟಿಗೆ ಬಸ್ಸು ಹಿಡಿದು ಹೊಸೂರಿಗೆ ಬರುತ್ತಾರೆ. ಕನ್ನಡ ಮನೆಯಲ್ಲಿ, ತಮಿಳು ಕಾರ್ಖಾನೆಯಲ್ಲಿ. ಕಾರು, ಬೈಕು, ಲಾರಿ, ಗಡಿಯಾರ ಎಲ್ಲದರ ಭಾಗಗಳೂ ಅವರ ಕೈಯಲ್ಲಿ ಹಾದುಹೋಗುತ್ತವೆ. ಅಚ್ಚು ಕೊರೆಯುವ ಕೈಗಳು ನಮ್ಮಲ್ಲಿವೆ, ಮರದ ಆಟಿಕೆಯ ಚನ್ನಪಟ್ಟಣ ಒಂದು ದಿನದ ದಾರಿಯೂ ಅಲ್ಲ. ಇಷ್ಟಿದ್ದೂ ನಮ್ಮ ಮಕ್ಕಳ ಕೈಗೆ ಸಿಗುವುದು ಎರಡು ದಿನಕ್ಕೆ ಮುರಿದು ತಿಪ್ಪೆ ಸೇರುವ ಆಟಿಕೆ.

ತಮಿಯಾ ಅವರು ಮರ ಬಿಟ್ಟು ಪ್ಲಾಸ್ಟಿಕ್ ಹಿಡಿದರು, ಸೋತರು, ಮೂಲೆಯಲ್ಲಿದ್ದ ಅಚ್ಚಿನಿಂದ ಮತ್ತೆ ಎದ್ದರು. ವಸ್ತು ಬದಲಾಯಿತು, ಆದರೆ ಕೊಂಡವನೇ ಜೋಡಿಸಬೇಕು ಎಂಬ ನಿಯಮವನ್ನು ಅವರು ಬಿಡಲಿಲ್ಲ. ಜೋಡಿಸಿದವನಿಗೆ ಬಿಚ್ಚಲೂ ಬರುತ್ತದೆ, ಕೆಟ್ಟರೆ ರಿಪೇರಿ ಮಾಡಲೂ ಬರುತ್ತದೆ. ಆದ್ದರಿಂದಲೇ 1979ರ ಕಾರು ಇಂದಿಗೂ ಮಣ್ಣಿನಲ್ಲಿ ಓಡುತ್ತಿದೆ. ಬೇಸಿಗೆ ರಜೆಯಲ್ಲಿ ನಿಮ್ಮ ಮಗ ಅಥವಾ ಮಗಳು ಹಳೆಯ ಆಟಿಕೆಯನ್ನು ಬಿಚ್ಚಿ ಹರಡಿಕೊಂಡು ಕುಳಿತರೆ ಗದರಬೇಡಿ. ಒಂದು ಸ್ಕ್ರೂ ಡ್ರೈವರ್ ಕೊಟ್ಟು, ಸ್ಕ್ರೂಗಳನ್ನು ಇಡಲು ಒಂದು ಬಟ್ಟಲೂ ಕೊಡಿ.