ನಾಲ್ಕು ಮಕ್ಕಳಿಗೆ ಒಂದೇ ಯಂತ್ರ: ಫಿಲಿಪ್ ಡ್ರಿಂಕರ್

ಹೆಸರು ಕೇಳಿ ನಗಬೇಡಿ. 'ಐರನ್ ಲಂಗ್' ಅನ್ನೋ ಕಬ್ಬಿಣದ ಶ್ವಾಸಕೋಶ ಮಾಡಿದ ಫಿಲಿಪ್ ಡ್ರಿಂಕರ್ ಡಾಕ್ಟರಲ್ಲ, ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು. 1894ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದರು. ಕೆಮಿಕಲ್ ಇಂಜಿನಿಯರಿಂಗ್ ಓದಿದ್ದು ಲೀಹೈ ವಿಶ್ವವಿದ್ಯಾಲಯದಲ್ಲಿ. ಆಗ ಅಲ್ಲಿನ ಅಧ್ಯಕ್ಷರು ಅವರ ಅಪ್ಪನೇ! (ಬಂಕ್ ಮಾಡೋ ಮಾತೇ ಇಲ್ಲ.) ಆಮೇಲೆ ಅಣ್ಣ ಸೆಸಿಲ್ ಪ್ರೊಫೆಸರ್ ಆಗಿದ್ದ ಹಾರ್ವರ್ಡ್ ಸೇರಿ, ಕಾರ್ಖಾನೆಗಳ ಧೂಳು, ಹೊಗೆ, ಗಾಳಿಯ ಬಗ್ಗೆ ಕೆಲಸ ಶುರುಮಾಡಿದರು.

ಉಸಿರಾಟದ ಯಂತ್ರದ ಯೋಚನೆ ಹುಟ್ಟಿದ್ದು ಪೋಲಿಯೊದಿಂದಲ್ಲ. ಮನೆಮನೆಗೆ ಪೈಪಿನಲ್ಲಿ ಬರ್ತಿದ್ದ ಗ್ಯಾಸಿನಿಂದ ವಿಷವೇರಿ, ಕರೆಂಟ್ ಹೊಡೆದು ಉಸಿರು ನಿಂತವರನ್ನು ಬದುಕಿಸೋದು ಹೇಗೆ ಅಂತ ಹುಡುಕುತ್ತಿದ್ದರು. ನ್ಯೂಯಾರ್ಕಿನ ಒಂದು ಗ್ಯಾಸ್ ಕಂಪನಿ 500 ಡಾಲರ್ ಕೊಟ್ಟಿತು. ಆದರೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಹೋಗಿಬರುವಾಗ ಅವರು ಬೇರೆಯದೇ ಒಂದನ್ನು ಕಂಡರು: ಪೋಲಿಯೊದಿಂದ ಎದೆಯ ಸ್ನಾಯುಗಳು ಸೋತು, ಪೂರ್ತಿ ಎಚ್ಚರವಿದ್ದೇ ಉಸಿರು ಕಟ್ಟಿ ಸಾಯುತ್ತಿದ್ದ ಮಕ್ಕಳು.

ಡ್ರಿಂಕರ್ ಮತ್ತು ಜೊತೆಗಾರ ಲೂಯಿಸ್ ಶಾ ಒಂದು ಲೋಹದ ಪೆಟ್ಟಿಗೆ ಮಾಡಿದರು. ರೋಗಿಯ ದೇಹ ಒಳಗೆ, ತಲೆ ಹೊರಗೆ, ಕುತ್ತಿಗೆಗೆ ರಬ್ಬರ್ ಕಾಲರ್. ಪೆಟ್ಟಿಗೆಯೊಳಗಿನ ಒತ್ತಡ ಇಳಿದರೆ ಎದೆ ಹಿಗ್ಗಿ ಬಾಯಿ-ಮೂಗಿನಿಂದ ಗಾಳಿ ಒಳಗೆ ಹೋಗುತ್ತೆ, ಒತ್ತಡ ಮರಳಿದರೆ ಹೊರಗೆ ಬರುತ್ತೆ. ಅಷ್ಟೇ. ಮೊದಲ ಯಂತ್ರಕ್ಕೆ ಬಳಸಿದ್ದು ವ್ಯಾಕ್ಯೂಮ್ ಕ್ಲೀನರಿನ ಬ್ಲೋವರ್‌ಗಳನ್ನು. ಬೆಕ್ಕುಗಳ ಮೇಲೆ ಪ್ರಯೋಗ ಆಯ್ತು, ಆಮೇಲೆ ತಾವೇ ಮಲಗಿ ನೋಡಿದರು.

1928ರ ಅಕ್ಟೋಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಪ್ರಜ್ಞೆ ತಪ್ಪಿ ಸಾವಿನಂಚಿಗೆ ಬಂದಿದ್ದಳು. ಯಂತ್ರ ಹಾಕಿದ ಕೆಲವೇ ನಿಮಿಷದಲ್ಲಿ ಕಣ್ಣು ಬಿಟ್ಟಳು. ಕೆಲವು ದಿನಗಳ ನಂತರ ನ್ಯುಮೋನಿಯಾದಿಂದ ತೀರಿಕೊಂಡಳು, ನಿಜ. ಆದರೆ ಯಂತ್ರ ಉಸಿರಾಡಿಸುತ್ತೆ ಅನ್ನೋದು ಸಾಬೀತಾಗಿತ್ತು. ಮುಂದಿನ ವರ್ಷ ಹಾರ್ವರ್ಡ್‌ನದೇ ಒಬ್ಬ ವಿದ್ಯಾರ್ಥಿ ಇದರಿಂದ ಬದುಕಿ ಹೊರಬಂದ.

ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿಂದ. ಪೋಲಿಯೊ ಒಬ್ಬೊಬ್ಬರಿಗೆ ಬರೋ ಕಾಯಿಲೆ ಅಲ್ಲ. ಬಂದರೆ ವಾರ್ಡ್ ಪೂರ್ತಿ ತುಂಬುತ್ತೆ. ಯಂತ್ರಗಳೋ ಬೆರಳೆಣಿಕೆ. ಒಂದರ ಬೆಲೆ ಸುಮಾರು 1500 ಡಾಲರ್, ಆ ಕಾಲದಲ್ಲಿ ಒಂದು ಸಾಧಾರಣ ಮನೆಯ ಬೆಲೆಗೆ ಹತ್ತಿರ. ಯಾವ ಮಗುವನ್ನು ಒಳಗೆ ಮಲಗಿಸೋದು, ಯಾವುದನ್ನು ಬಿಡೋದು?

ಮಕ್ಕಳ ವೈದ್ಯ ಜೇಮ್ಸ್ ವಿಲ್ಸನ್ ಜೊತೆ ಸೇರಿ ಡ್ರಿಂಕರ್ ಕೊಟ್ಟ ಉತ್ತರ ನೋಡಿ: ಪೆಟ್ಟಿಗೆಯನ್ನೇ ಕೋಣೆ ಮಾಡಿಬಿಟ್ಟರು! ನಾಲ್ಕು ಮಕ್ಕಳು ಒಳಗೆ, ತಲೆಗಳು ಮಾತ್ರ ಗೋಡೆಯ ಕಿಂಡಿಗಳಿಂದ ಹೊರಗೆ. ಗಾಳಿ ಸೋರದ ಬಾಗಿಲಿನಿಂದ ನರ್ಸ್ ಒಳಗೇ ಹೋಗಿ ಆರೈಕೆ ಮಾಡಬಹುದು. ಇಡೀ ಕೋಣೆಯ ಒತ್ತಡ ಏರಿಳಿದಂತೆ ನಾಲ್ವರೂ ಒಟ್ಟಿಗೆ ಉಸಿರಾಡುತ್ತಿದ್ದರು.

2020ರಲ್ಲಿ ಕೋವಿಡ್ ಬಂದಾಗ ನ್ಯೂಯಾರ್ಕ್‌ನಲ್ಲಿ ಒಂದು ವೆಂಟಿಲೇಟರಿಗೆ ಕವಲು ಪೈಪ್ ಜೋಡಿಸಿ ಇಬ್ಬರಿಗೆ ಹಂಚಿದ್ದು ಸುದ್ದಿಯಾಗಿತ್ತಲ್ಲ, ಅಮೆರಿಕದ ಹಲವು ವೈದ್ಯ ಸಂಘಗಳು ಒಟ್ಟಾಗಿ ಅದು ಬೇಡ ಅಂದಿದ್ದವು. ಕಾರಣ ನಮ್ಮ ಸರ್ಕ್ಯೂಟ್ ಕ್ಲಾಸಿನಲ್ಲೇ ಇದೆ. ಇಷ್ಟು ಗಾಳಿ ಅಂತ ಫಿಕ್ಸ್ ಮಾಡಿದ ವೆಂಟಿಲೇಟರ್ ಕರೆಂಟ್ ಸೋರ್ಸ್ ಇದ್ದ ಹಾಗೆ: ಒಬ್ಬರ ಶ್ವಾಸಕೋಶ ಬಿಗಿಯಾದರೆ ಅವರ ಪಾಲಿನ ಗಾಳಿಯೂ ಪಕ್ಕದವರಿಗೆ ನುಗ್ಗುತ್ತೆ. ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟೋ ಭಯ ಬೇರೆ. ಡ್ರಿಂಕರ್ ಕೋಣೆ ವೋಲ್ಟೇಜ್ ಸೋರ್ಸ್ ಇದ್ದ ಹಾಗೆ: ಎಲ್ಲರಿಗೂ ಒಂದೇ ಒತ್ತಡ, ಪಕ್ಕದವರಿಗೆ ಏನಾದರೂ ನಿಮ್ಮ ಪಾಲು ಬದಲಾಗಲ್ಲ. ಮಧ್ಯೆ ಹಂಚಿಕೊಂಡ ಪೈಪೂ ಇಲ್ಲ, ಬಾಯಿ ಹೊರಗಿದೆ. ಆದರೆ ಒಬ್ಬ ಮಗುವಿಗೆ ಜಾಸ್ತಿ ಒತ್ತಡ, ಇನ್ನೊಬ್ಬನಿಗೆ ನಿಧಾನ ಉಸಿರು ಬೇಕಂದ್ರೆ ಕೋಣೆ ಕೇಳಲ್ಲ. ಆ ಮಿತಿ ಎರಡಕ್ಕೂ ಒಂದೇ.

ಇಷ್ಟು ಚೆನ್ನಾಗಿ ಕೊರತೆಯನ್ನು ಅರ್ಥ ಮಾಡಿಕೊಂಡ ಮನುಷ್ಯ ಮುಂದೆ ಮಾಡಿದ್ದು ನನಗಂತೂ ಹಿಡಿಸಲಿಲ್ಲ. 1931ರಲ್ಲಿ ಜಾನ್ ಹೇವನ್ ಎಮರ್ಸನ್ ಅನ್ನೋ ಯುವಕ, ಹೈಸ್ಕೂಲೂ ಮುಗಿಸದವನು, ಹಾರ್ವರ್ಡ್ ಪಕ್ಕದ ತನ್ನ ವರ್ಕ್‌ಶಾಪಿನಲ್ಲಿ ಹಗುರವಾದ, ಸದ್ದು ಕಡಿಮೆಯ ಐರನ್ ಲಂಗ್ ಮಾಡಿದ. ಬೆಲೆ ಹೆಚ್ಚುಕಡಿಮೆ ಅರ್ಧ. ಪೇಟೆಂಟ್ ನಮ್ಮದು ಅಂತ ಡ್ರಿಂಕರ್ ಮತ್ತು ಹಾರ್ವರ್ಡ್ ಕೋರ್ಟಿಗೆ ಹೋದರು. ಜೀವ ಉಳಿಸೋ ಸಾಧನ ಎಲ್ಲರಿಗೂ ಸಿಗಬೇಕು ಅನ್ನೋದು ಎಮರ್ಸನ್ ವಾದ. ಜೊತೆಗೆ ಡ್ರಿಂಕರ್ ಯಂತ್ರದ ಒಂದೊಂದು ಅಂಶವೂ ಹಿಂದೆಯೇ ಯಾರೋ ಮಾಡಿದ್ದು ಅಂತ ತೋರಿಸಿದ. ಹತ್ತೊಂಬತ್ತನೇ ಶತಮಾನದಲ್ಲೇ ಇಂಥ ಪೆಟ್ಟಿಗೆಗಳಿದ್ದವು, ಟೆಲಿಫೋನಿನ ಗ್ರಹಾಂ ಬೆಲ್ ಕೂಡ ವ್ಯಾಕ್ಯೂಮ್ ಜಾಕೆಟ್ ಒಂದನ್ನು ಮಾಡಿದ್ದರು. ಕೊನೆಗೆ ಡ್ರಿಂಕರ್ ಸೋತರು, ಪೇಟೆಂಟೂ ಹೋಯ್ತು. ಮುಂದಿನ ಪೋಲಿಯೊ ವರ್ಷಗಳಲ್ಲಿ ಅಮೆರಿಕದ ವಾರ್ಡುಗಳಲ್ಲಿ ಸಾಲಾಗಿ ನಿಂತಿದ್ದು ಹೆಚ್ಚಾಗಿ ಎಮರ್ಸನ್ ಯಂತ್ರಗಳೇ.

ಡ್ರಿಂಕರ್ ಮತ್ತೆ ತಮ್ಮ ಧೂಳು-ಹೊಗೆಯ ಕೆಲಸಕ್ಕೆ ಮರಳಿದರು. ಎರಡನೇ ಮಹಾಯುದ್ಧದಲ್ಲಿ ಹಡಗು ಕಟ್ಟೋ ಕಾರ್ಮಿಕರ ಆರೋಗ್ಯ ನೋಡಿಕೊಂಡರು. 1955ರಲ್ಲಿ ಪೋಲಿಯೊ ಲಸಿಕೆ ಬಂದು ಆ ವಾರ್ಡುಗಳು ಒಂದೊಂದಾಗಿ ಖಾಲಿಯಾಗಿದ್ದನ್ನು ನೋಡೋಕೆ ಅವರಿದ್ದರು. ತೀರಿಕೊಂಡಿದ್ದು 1972ರಲ್ಲಿ.