ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು ಮುಂಬೈ ಹಡಗಿನಲ್ಲಾ? ಜಮ್ಸೆಟ್‌ಜಿ ವಾಡಿಯಾ ಅವರ ನಿಜವಾದ ಕಥೆ

ಅಮೆರಿಕದ ರಾಷ್ಟ್ರಗೀತೆ ಬರೆದದ್ದು ಭಾರತದಲ್ಲಿ ಕಟ್ಟಿದ 'ಮಿಂಡೆನ್' ಎಂಬ ಹಡಗಿನಲ್ಲಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಡಗು ನಿಜ, ಅದನ್ನು ಕಟ್ಟಿದವರೂ ನಿಜ. ಗೀತೆಯ ಮಾತು ಮಾತ್ರ ಸುಳ್ಳು.

ಯಾರು ಈ ಜಮ್ಸೆಟ್‌ಜಿ?
ಇವರು ಟಾಟಾ ಅಲ್ಲ. ಪೂರ್ಣ ಹೆಸರು ಜಮ್ಸೆಟ್‌ಜಿ ಬೊಮನ್‌ಜಿ ವಾಡಿಯಾ. ಇವರ ಅಜ್ಜ ಲವ್‌ಜಿ 1736ರಲ್ಲಿ ಸೂರತ್‌ನಿಂದ ಮುಂಬೈಗೆ ಬಂದ ಪಾರ್ಸಿ ಹಡಗು ಬಡಗಿ. ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರದೂ ಅದೇ ಕಸುಬು. ಜಮ್ಸೆಟ್‌ಜಿ ಕೂಡ ಮುಂಬೈ ಹಡಗುಕಟ್ಟೆಯ ಮುಖ್ಯ ಕುಶಲಕರ್ಮಿಯಾದರು.

ಆಗ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ. ನಮ್ಮ ತೇಗದಲ್ಲಿ ಎಣ್ಣೆಯ ಅಂಶವಿದೆ, ಬೇಗ ಕೊಳೆಯುವುದಿಲ್ಲ. ಹಾಗಾಗಿ ಬ್ರಿಟಿಷ್ ನೌಕಾಪಡೆ ಮುಂಬೈ ಕಡೆ ನೋಡಿತು. 74 ಫಿರಂಗಿಗಳ ಯುದ್ಧನೌಕೆ ಮಿಂಡೆನ್ 1810ರಲ್ಲಿ ಇಲ್ಲಿಯೇ ನೀರಿಗಿಳಿಯಿತು.

ನೀರಿಗಿಳಿದರೆ ಹಡಗು ಸಿದ್ಧವೇ?
ಇಲ್ಲ. ನೀರಿಗಿಳಿಯುವುದು ಬರೀ ಮೈಕಟ್ಟು. ಮರ ಕೊರೆಯುವ ಸಮುದ್ರದ ಹುಳುಗಳಿಂದ ಉಳಿಸಲು ತಳಕ್ಕೆ ತಾಮ್ರದ ತಗಡು ಹೊಡೆಯಬೇಕು. ಕೂವೆಮರ ನಿಲ್ಲಿಸಿ, ಹಗ್ಗ, ಹಾಯಿ ಕಟ್ಟಬೇಕು. ಹಡಗು ವಾಲದಂತೆ ತಳದಲ್ಲಿ ಭಾರ ತುಂಬಬೇಕು. ಲಂಗರು, ಫಿರಂಗಿ, ಮದ್ದು, ನೀರು, ದಿನಸಿ ಏರಿಸಬೇಕು. ಕೊನೆಗೆ ಕ್ಯಾಪ್ಟನ್ ಮತ್ತು ನಾವಿಕರು ಬಂದ ಮೇಲಷ್ಟೇ ಸೇವೆಗೆ ಸೇರ್ಪಡೆ.

ಜಮ್ಸೆಟ್‌ಜಿ ಅವರ 'ಟ್ರಿಂಕೋಮಲಿ' ಇದಕ್ಕೆ ಒಳ್ಳೆಯ ಉದಾಹರಣೆ. 1817ರಲ್ಲಿ ನೀರಿಗಿಳಿದು, 1819ರಲ್ಲಿ ಬ್ರಿಟನ್ ತಲುಪಿತು. ಅಷ್ಟರಲ್ಲಿ ಯುದ್ಧಗಳು ಮುಗಿದಿದ್ದವು. ಹಡಗನ್ನು ಸುಮ್ಮನೆ ಕಟ್ಟಿಹಾಕಿದರು. 1845ರಲ್ಲಿ ಹಿಂಭಾಗದ ಆಕಾರ ಬದಲಿಸಿ, ಕಡಿಮೆ ಸಂಖ್ಯೆಯ ಆದರೆ ಹೆಚ್ಚು ಬಲದ ಫಿರಂಗಿಗಳನ್ನು ಜೋಡಿಸಿದರು. ಅದು ಸೇವೆಗೆ ಹೊರಟದ್ದು 1847ರಲ್ಲಿ. ಜಮ್ಸೆಟ್‌ಜಿ 1821ರಲ್ಲೇ ತೀರಿಕೊಂಡಿದ್ದರು. ತಾವು ಕಟ್ಟಿದ ಹಡಗು ಕೆಲಸಕ್ಕಿಳಿದದ್ದನ್ನು ಅವರು ನೋಡಲೇ ಇಲ್ಲ.

ಹಾಗಾದರೆ ಗೀತೆ?
1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಬಾಲ್ಟಿಮೋರ್ ಕೋಟೆಯ ಮೇಲೆ ದಾಳಿ ಮಾಡಿದರು. ಗೀತೆ ಬರೆದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ, ಸೆರೆಯಾದ ವೈದ್ಯರೊಬ್ಬರನ್ನು ಬಿಡಿಸಿಕೊಳ್ಳಲು ಸಂಧಾನಕ್ಕೆ ಹೋಗಿದ್ದರು. ದಾಳಿ ಮುಗಿಯುವವರೆಗೆ ಬ್ರಿಟಿಷರು ಅವರನ್ನು ವಾಪಸ್ ಬಿಡಲಿಲ್ಲ. ಆ ರಾತ್ರಿ ಅವರು ಇದ್ದದ್ದು ಅಮೆರಿಕದ್ದೇ ಸಂಧಾನ ಹಡಗಿನಲ್ಲಿ, ಮಿಂಡೆನ್‌ನಲ್ಲಿ ಅಲ್ಲ.

ಜಮ್ಸೆಟ್‌ಜಿ ಅವರ ಹಡಗಿನಲ್ಲಿ ಇತಿಹಾಸ ನಡೆದೇ ಇಲ್ಲವೆಂದಲ್ಲ. 1813ರ 'ಕಾರ್ನ್‌ವಾಲಿಸ್' ಕೂಡ ಅವರ ಕೈಕೆಲಸವೇ. ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟ 1842ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದರ ಮೇಲೆ. ಅದು ಅಫೀಮು ಯುದ್ಧದ ಫಲ. ಫಾರ್ವರ್ಡ್‌ಗಳಲ್ಲಿ ಅದು ಕಾಣುವುದು ಅಪರೂಪ.

ಮುಂದೆ ಕಳಿಸುವ ಮುನ್ನ
ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. 200 ವರ್ಷ ದಾಟಿದ ಆ ತೇಗದ ಮೈಯೇ ಸಾಕ್ಷಿ. ಮುಂಬೈ ಬಡಗಿಯ ಕೌಶಲಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಆ ಫಾರ್ವರ್ಡ್ ಮತ್ತೆ ಬಂದರೆ ಈ ಕಥೆಯನ್ನೇ ಉತ್ತರವಾಗಿ ಕಳಿಸಿ.