ನೃಪತುಂಗನ ಕಾಲದ ಗಣಿತ ಮಾಸ್ತರ: ಮಹಾವೀರಾಚಾರ್ಯ

ಹುಬ್ಬಳ್ಳಿ: ನೃಪತುಂಗ ಬೆಟ್ಟಕ್ಕೆ ದಿನಾ ವಾಕಿಂಗ್ ಹೋಗೋರಿಗೆ ರಾಜನ ಹೆಸರು ಗೊತ್ತು. ಆ ರಾಷ್ಟ್ರಕೂಟ ದೊರೆಯ ಕಾಲದಲ್ಲೇ ಇದ್ದ ಗಣಿತಜ್ಞ ಮಹಾವೀರಾಚಾರ್ಯರು ಗೊತ್ತಿರೋರು ಕಡಿಮೆ.

ಜೈನರಾದ ಇವರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಬಡ್ಡಿ, ಬಂಗಾರದ ಬೆರಕೆಯಂಥ ಅಂಗಡಿ ಲೆಕ್ಕಗಳೂ ಅದರಲ್ಲಿವೆ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು.

ಅವರ ಒಂಟೆ ಲೆಕ್ಕ ಹೆಸರುವಾಸಿ. ಹಿಂಡಿನ ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ಹೊಳೆದಂಡೆಯಲ್ಲಿ. ಒಟ್ಟು ಎಷ್ಟು? ವರ್ಗಮೂಲವನ್ನು ‘ಅ’ ಅಂದುಕೊಂಡರೆ 3ಅ² − 8ಅ − 60 = 0. ಇವತ್ತಿನ ಎಸ್‌ಎಸ್‌ಎಲ್‌ಸಿ ಮಕ್ಕಳು ನಡುವಿನ −8ನ್ನು −18 ಮತ್ತು +10 ಅಂತ ಒಡೆದು (ಅ − 6)(3ಅ + 10) = 0 ಮಾಡ್ತಾರೆ. ಅ = 6, ಒಂಟೆ 36. ತಾಳೆ ನೋಡಿ: 9 + 12 + 15. ಇನ್ನೊಂದು ಬೆಲೆ ಋಣಸಂಖ್ಯೆ, ಇಲ್ಲಿ ನಡೆಯಲ್ಲ.

ಇಂಥವರೂ ಒಂದು ಕಡೆ ಎಡವಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದುಬಿಟ್ಟರು. ಇವತ್ತೂ ಅ² = 5ಅ ಬಂದರೆ ಎಷ್ಟೋ ಮಕ್ಕಳು ಎರಡೂ ಕಡೆ ‘ಅ’ದಿಂದ ಭಾಗಿಸಿ 5 ಅಂತ ಮಾತ್ರ ಬರೀತಾರೆ. ‘ಅ’ ಸೊನ್ನೆಯೂ ಇರಬಹುದು ಅನ್ನೋದು ಮರೆತುಹೋಗುತ್ತೆ. ಭಾಗಿಸದೆ ಅ(ಅ − 5) = 0 ಅಂತ ಒಡೆದರೆ 0, 5 ಎರಡೂ ಸಿಗ್ತಾವೆ. ಆಚಾರ್ಯರೇ ಜಾರಿದ ಜಾಗ ಅದು, ಪರೀಕ್ಷೆಯಲ್ಲಿ ನೋಡಿ ಹೆಜ್ಜೆ ಇಡಬೇಕು.